ಯಾರ ಪೈಕಿ?

ಬೆಳಗಾವಿಯಲ್ಲಿ ಗುಟ್ಟು ಹೇಳಿಕೊಳ್ಳುವುದು ಮಹಾ ಕಷ್ಟ. ಬಾಯಿ ತೆರೆಯುವ ಮೊದಲೇ "ಯಾವ ಊರ್ರಿ? ಯಾರ ಪೈಕಿ?" ಎಂದು ಕೇಳುತ್ತಾರೆ. ಆಪ್ತಸಮಾಲೋಚಕರೂ ಇದಕ್ಕೆ ಹೊರತಲ್ಲ. ನನ್ನ ತೊಂದರೆ ಸಣ್ಣದು: ನಿದ್ದೆ ಬರುವುದಿಲ್ಲ. ಕಾರಣವೂ ಗೊತ್ತು. ನಾನೂ ಪ್ರಕಾಶನೂ ಮಹಾಂತೇಶ ನಗರದಲ್ಲಿ ವರ್ಷಗಳಿಂದ ಸಂಸಾರ ಹೂಡಿದವರು; ಲೋಕದ ಕಣ್ಣಿಗೆ ಮಾತ್ರ ರೂಮ್‌ಮೇಟುಗಳು. ತನ್ನ ಅವ್ವ ಕಾಲು ಮುರಿದುಕೊಂಡರೆಂದು ಖಾನಾಪುರಕ್ಕೆ ಹೋದ ಪ್ರಕಾಶ, ಅವರು ಎದ್ದು ಓಡಾಡಿದರೂ ತಿರುಗಿ ಬರಲಿಲ್ಲ. ಫೋನಿನಲ್ಲಿ "ಊಟ ಆತೇನು?" "ಆತು", ಅಷ್ಟೇ. ಇನ್ನು ಬರುತ್ತಾನೋ ಇಲ್ಲವೋ ಎಂಬ ಭಯ.

ಮೊದಲನೆಯ ಸಮಾಲೋಚಕರು ಹಿರಿಯರು. ಎಲ್ಲ ಕೇಳಿ ಕನ್ನಡಕ ಒರೆಸುತ್ತಾ, "ಲಗ್ನ ಆದ್ರ ಎಲ್ಲಾ ಸರಿ ಆಗತೈತ್ರಿ. ನಮ್ಮ ಪೈಕಿ ಒಂದು ಹುಡುಗಿ ಐತಿ, ನೋಡ್ತೀರೇನು?" ಎಂದರು. ನಿದ್ದೆ ಕೇಳಲು ಹೋದವನಿಗೆ ಹೆಣ್ಣು! ಎರಡನೆಯಾಕೆ ಸದಾಶಿವನಗರದ ಹುಡುಗಿ, ಪಾಪ, ಒಳ್ಳೆಯವಳು. ನನ್ನಂಥವನು ಸಿಕ್ಕಿದ್ದೇ ಆಕೆಗೆ ಹಬ್ಬ. "ನಿಮಗ ಯಾವಾಗ ಗೊತ್ತಾತ್ರಿ ಸರ್? ಮನ್ಯಾಗ ಏನಂದ್ರು?" ನಿದ್ದೆಯ ಸುದ್ದಿ ಬರುವಷ್ಟರಲ್ಲಿ ಸಮಯವೇ ಮುಗಿಯಿತು. "ಭಾಳ ಕಲತೆ ಸರ್. ನಿಮಗ ಸಮಾಧಾನ ಆತಲ್ಲ?" ಎಂದಳು. ಆಕೆಯ ಮನಸ್ಸು ನೋಯಬಾರದೆಂದು "ಭಾಳ ಆತ್ರಿ" ಎಂದೆ. ಪಾಠ ಹೇಳಿದವನೂ ನಾನೇ, ಫೀಸು ಕೊಟ್ಟವನೂ ನಾನೇ. ಸಾಕಾಗಿ ಹೋಗಿತ್ತು.

ಮೇಡಂ ಎನ್ನುವ ಬದಲು ಎಲ್ಲರೂ ಬಾಯಾರು ಎನ್ನುವ ಮೂರನೆಯ ಸಮಾಲೋಚಕಿಯ ಬಳಿ ಹೋದದ್ದು ಬರೀ ಹಟಕ್ಕೆ. ಅವರು ಊರು ಕೇಳಲಿಲ್ಲ, ಪೈಕಿ ಕೇಳಲಿಲ್ಲ. ನಾನು ಮುಗಿಸಿದ ಮೇಲೆ, "ನಿಮ್ಮ ಮನಿಯವ್ರು ಯಾವಾಗ ಬರ್ತಾರಂತ್ರಿ?" ಎಂದರು. ಮನೆಯವರು! ಪಕ್ಕದ ಮನೆಯ ಕಾಕು ತನ್ನ ಗಂಡನಿಗೆ ಅನ್ನುವಷ್ಟು ಸಹಜವಾಗಿ. ಮೂಗು ಸೋರುವಂತೆ ಅತ್ತುಬಿಟ್ಟೆ.

"ಅವ್ರಿಗೆ ಇದನ್ನ ಹೇಳೀರೇನ್ರಿ?"

ಎಲ್ಲಿ ಹೇಳಿದ್ದೆ? ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿಕೊಂಡಿದ್ದೆ.

ಭಾನುವಾರ ಖಾನಾಪುರದ ಬಸ್ಸು ಹತ್ತಿದೆ. ಪಕ್ಕದ ಅಜ್ಜನ ಪ್ರಶ್ನೆ ತಯಾರಿತ್ತು. "ಖಾನಾಪುರದಾಗ ಯಾರ ಪೈಕಿ?"

ಸುಳ್ಳು ಹೇಳಲು ತ್ರಾಣವಿರಲಿಲ್ಲ. "ನಮ್ಮ ಮನಿಯವ್ರು ಅಲ್ಲೇ ಅದಾರ್ರಿ."

"ತವರಿಗೆ ಹೋಗ್ಯಾರೇನು? ಸಿಟ್ಟಾಗಿ?"

"ಗೊತ್ತಿಲ್ರಿ. ಕೇಳಾಕ ಹೊಂಟೀನಿ."

"ತವರಿಗೆ ಹೋದವರು ತಾವಾಗೇ ಬರೂದಿಲ್ಲೋ ತಮ್ಮಾ. ಕರ್ಯಾಕ ಹೋಗಬೇಕು!"

ಬಾಗಿಲು ತೆಗೆದ ಪ್ರಕಾಶನೂ ಅದನ್ನೇ ಅಂದ. "ಕರ್ಯಾಕ ಬರಾಕ ಇಷ್ಟು ದಿನ ಬೇಕಾತೇನು?" ಅವರ ಮನೆಗೆ ಹೋದರೆ ಯಾರ ಪೈಕಿ ಎಂದು ಹೇಳಿಕೊಳ್ಳಲಿ ಎಂದು ನಾನು ಬೆಳಗಾವಿಯಲ್ಲಿ, ನಾನೇ ಕರೆಯಲು ಬರಲಿ ಎಂದು ಅವನು ಖಾನಾಪುರದಲ್ಲಿ ಕಾಯುತ್ತ ಕೂತಿದ್ದೆವು. ಅವನನ್ನು ಕರೆದುಕೊಂಡು ತಿರುಗಿ ಬರುವಾಗ ಬಸ್ಸಿನಲ್ಲೇ ನಿದ್ದೆ ಹೊಡೆದೆ. ಅಂದಿನಿಂದ ನನ್ನ ಗೊರಕೆಗೆ ಅವನಿಗೆ ನಿದ್ದೆಯಿಲ್ಲ. "ಆ ಮೂರನೇ ಬಾಯಾರ ನಂಬರ್ ಕೊಡು" ಎಂದು ಬೆನ್ನುಹತ್ತಿದ್ದಾನೆ.