ಇನ್ನೂರು ಡಿಗ್ರಿಯ ಬೀರು

ಸರ್ಕಾರಿ ಸ್ವತ್ತು ಎಷ್ಟು ಬೆಲೆಬಾಳುತ್ತದೋ ಅಷ್ಟು ಕಡಿಮೆ ಬಳಸತಕ್ಕದ್ದು ಎಂಬ ತತ್ವವನ್ನು ೧೯೭೬ರಲ್ಲಿ ಚಿತ್ರದುರ್ಗದ ಪ್ಲಾಸ್ಟಿಕ್ ಚೊಂಬು ಕಾರ್ಖಾನೆಯಷ್ಟು ನಿಷ್ಠೆಯಿಂದ ಪಾಲಿಸಿದ ಸಂಸ್ಥೆ ಇನ್ನೊಂದಿಲ್ಲ. ಜಿಲ್ಲೆಯ ಹಾಸ್ಟೆಲುಗಳ ಕಕ್ಕಸಿಗೆ ಚೊಂಬು ಒದಗಿಸುವ ಪವಿತ್ರ ಹೊಣೆ ಅದರದು.

ಚೊಂಬು ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಯಂತ್ರದ ಕೊಳವೆಯಲ್ಲಿ ಪ್ಲಾಸ್ಟಿಕ್ ಕಾಳು ಕರಗಬೇಕು, ಕರಗಿದ್ದು ಅಚ್ಚಿಗೆ ನುಗ್ಗಬೇಕು. ಶಾಖ ಇನ್ನೂರು ಡಿಗ್ರಿಗಿಂತ ಕೆಳಗಿಳಿದರೆ ಅಚ್ಚು ತುಂಬದೆ ತಳವಿಲ್ಲದ ಚೊಂಬು ಬರುತ್ತದೆ. ತೀರಾ ಏರಿದರೆ ಸೀದುಹೋಗುತ್ತದೆ. ಯಂತ್ರ ನಡೆಸುವ ದುರುಗಣ್ಣ ಶಾಖವನ್ನು ಅಂದಾಜಿನ ಮೇಲೆ ನೋಡಿಕೊಳ್ಳುತ್ತಿದ್ದ. ಅವನ ಅಂದಾಜು ಹೆಚ್ಚಾಗಿ ತಪ್ಪುತ್ತಿತ್ತು. ತಳವಿಲ್ಲದ ಚೊಂಬಿನ ವಿರುದ್ಧ ಹೊಳಲ್ಕೆರೆಯ ಹುಡುಗರು ಮುಷ್ಕರ ಹೂಡಿದ ಮೇಲೆ ಕಾರ್ಖಾನೆಯ ಒಡೆತನದ ಸರ್ಕಾರಿ ನಿಗಮವು ವಿದೇಶದಿಂದ ಶಾಖದ ಮೀಟರೊಂದನ್ನು ತರಿಸಿತು. ಮುಳ್ಳಿರುವ ಒಂದು ಡಬ್ಬಿ, ಅದರಿಂದ ಹೊರಟ ಉದ್ದನೆಯ ತಂತಿ, ತಂತಿಯ ತುದಿಗೆ ಲೋಹದ ಕಡ್ಡಿ. ಕಡ್ಡಿಯನ್ನು ಕೊಳವೆಗೆ ಸಿಕ್ಕಿಸಿದರೆ ಒಳಗಿನ ಶಾಖವನ್ನು ಮುಳ್ಳು ತೋರಿಸುತ್ತದೆ.

ಮ್ಯಾನೇಜರ್ ಮರುಳಸಿದ್ದಪ್ಪನವರು ಅದಕ್ಕೆ ಊದುಬತ್ತಿ ಬೆಳಗಿ, ಕಡ್ಡಿಯ ಸಮೇತ ತಮ್ಮ ಕೋಣೆಯ ಗಾಜಿನ ಬಾಗಿಲಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಸಾಹೇಬ್ರೇ, ಅದನ್ನ ಮಿಷನ್ನಿಗೆ ಹಾಕ್ಬೇಕಲ್ರಿ?" ಎಂದ ದುರುಗಣ್ಣ.

"ಲೇ, ಅಲ್ಲಿ ಹಾಕಿ ಸುಟ್ಟೋದ್ರೆ ಯಾರು ಜವಾಬ್ದಾರಿ, ನಿಮ್ಮಪ್ಪನಾ? ಶಾಖ ನೋಡೋದು ಅದ್ರ ಕೆಲ್ಸ. ಎಲ್ಲಿಟ್ರೂ ನೋಡ್ತೈತೆ."

ದುರುಗಣ್ಣ ಯಂತ್ರದ ಕಡೆಗೆ ಹಿಂದಿರುಗಿದ. ಅವನು ದಿನಗೂಲಿಯವನು, ಕೆಲಸ ಖಾಯಂ ಆದರೆ ವಾಸಕ್ಕೆ ಕ್ವಾರ್ಟರ್ಸ್ ಉಂಟು. ಅವನ ಹೆಂಡತಿ ಗಂಗಕ್ಕ ಮದುವೆಯಾದಾಗಿನಿಂದ ಭಾವನ ಮನೆಯ ಪಡಸಾಲೆಯಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಳು. ಅತ್ತರೂ ನಕ್ಕರೂ ಆಚೆ ಕಡೆಯವರಿಗೆ ಕೇಳಿಸುತ್ತಿತ್ತು. ಅವಳ ಸಂಕಟ ನಿಜವಾದದ್ದು. ಈ ಇಡೀ ಪ್ರಕರಣದಲ್ಲಿ ನಿಜವಾದದ್ದು ಅದೊಂದೇ.

ತಪಾಸಣೆಗೆಂದು ಬೆಂಗಳೂರಿನ ಅಧಿಕಾರಿ ಬಂದರು. ಯಂತ್ರದ ಹತ್ತಿರ ವಾಸನೆ ಎಂದು ಅತ್ತ ಸುಳಿಯಲಿಲ್ಲ. ಬೀರುವಿನ ಗಾಜಿಗೆ ಮೂಗು ತಾಗಿಸಿ ನೋಡಿದರೆ ಮುಳ್ಳು ಮೂವತ್ತೊಂದರಲ್ಲಿತ್ತು.

"ಇನ್ನೂರು ಇರಬೇಕಾದಲ್ಲಿ ಮೂವತ್ತೊಂದು! ಇದು ಯಂತ್ರ ನಡೆಸುವವನ ಮೈಗಳ್ಳತನ."

"ಅದು ಬೀರುವಿನ ಶಾಖ, ಸ್ವಾಮಿ" ಎಂದ ದುರುಗಣ್ಣ.

"ಹಾಗಾದರೆ ಬೀರುವಿನ ಶಾಖವನ್ನೇ ಸರಿಪಡಿಸು. ಮುಂದಿನ ಸಲ ನಾನು ಬರುವಷ್ಟರಲ್ಲಿ ಮುಳ್ಳು ಇನ್ನೂರಕ್ಕೆ ಬರದಿದ್ದರೆ ಮನೆಗೆ ಹೋಗು."

ಯಾವ ಮನೆಗೆ ಎಂದು ಅವರು ಹೇಳಲಿಲ್ಲ. ದುರುಗಣ್ಣ ಪಡಸಾಲೆಗೆ ಹೋಗಿ, ನಡೆದದ್ದನ್ನು ಹೆಂಡತಿಗೆ ಹೇಳಿ, ತಲೆಯ ಮೇಲೆ ಕೈ ಹೊತ್ತು ಕೂತ.

"ಅದಕ್ಯಾಕೆ ಹಿಂಗೆ ಕುಂತೀರಿ? ಬೀರು ಕಾಸ್ಬೇಕು ಅಂದ್ರೆ ಕಾಸ್ರಿ. ಸ್ನಾನಕ್ಕೆ ನೀರು ಕಾಸಲ್ವಾ?" ಎಂದಳು ಗಂಗಕ್ಕ.

ಬೀರುವಿನ ಬಾಗಿಲು ತೆಗೆಯಕೂಡದೆಂಬ ನಿಯಮವಿತ್ತೇ ಹೊರತು ಅದರ ಅಡಿಯಲ್ಲಿ ಬೆಂಕಿ ಹಾಕಬಾರದೆಂಬ ನಿಯಮ ಎಲ್ಲಿಯೂ ಇರಲಿಲ್ಲ. ದುರ್ಗದಲ್ಲಿ ಕಲ್ಲಿಗೇನು ಬರ? ನಾಲ್ಕು ಕಲ್ಲಿಟ್ಟು ಬೀರುವನ್ನು ಎತ್ತರಿಸಿ, ಗಂಗಕ್ಕನ ಇದ್ದಿಲ ಒಲೆಯನ್ನು ಕೆಳಗೆ ತಳ್ಳಲಾಯಿತು. ಕಡ್ಡಿ ಬಿದ್ದಿದ್ದ ತಳದ ತಗಡು ಕಾದಂತೆ ಮುಳ್ಳು ಮೇಲೆದ್ದು, ಸಂಜೆಯ ಹೊತ್ತಿಗೆ ಇನ್ನೂರಕ್ಕೆ ಬಂದು ನಿಂತಿತು. ಮರುಳಸಿದ್ದಪ್ಪನವರು ಬೆವರು ಒರೆಸಿಕೊಳ್ಳುತ್ತ, "ವಿಜ್ಞಾನ ಅಂದ್ರೆ ಇದಪ್ಪ" ಎಂದರು. ಇದ್ದಿಲು ಸರಬರಾಜಿನ ಗುತ್ತಿಗೆ ಶ್ರೀರಾಂಪುರದ ಅವರ ಷಡ್ಡಕನಿಗೆ ಹೋಯಿತು. ಟೆಂಡರು ಕರೆಯಲಾಗಿತ್ತು, ಕರೆದದ್ದು ಅವನೊಬ್ಬನಿಗೆ ಕೇಳಿಸಿತು.

ಮತ್ತೆ ಬಂದ ಅಧಿಕಾರಿ ಮುಳ್ಳನ್ನು ಕಂಡು ದುರುಗಣ್ಣನ ಬೆನ್ನು ತಟ್ಟಿದರು. ಆದರೆ ಚೊಂಬಿಗೆ ಮಾತ್ರ ಇನ್ನೂ ತಳ ಬಂದಿರಲಿಲ್ಲ. ಅವರು ಅರ್ಧ ಗಂಟೆ ಆಲೋಚಿಸಿ ಆದೇಶ ಹೊರಡಿಸಿದರು: "ಶಾಖವು ಸದಾ ಇನ್ನೂರು ಡಿಗ್ರಿ ಇದ್ದಾಗ್ಯೂ ಚೊಂಬುಗಳಿಗೆ ತಳವಿಲ್ಲದಿರುವುದರಿಂದ, ಯಂತ್ರವು ಮೀಟರಿನೊಂದಿಗೆ ಸಹಕರಿಸುತ್ತಿಲ್ಲವೆಂದು ಸಾಬೀತಾಗಿರುತ್ತದೆ. ಯಂತ್ರವನ್ನು ಅಮಾನತಿನಲ್ಲಿಟ್ಟು ಹಿರಿಯೂರಿನ ಗೋದಾಮಿಗೆ ಸಾಗಿಸತಕ್ಕದ್ದು. ಮುಂದಿನ ಆದೇಶದವರೆಗೆ ವಿದ್ಯಾರ್ಥಿಗಳು ಕೆರೆಯ ಕಡೆ ಹೋಗತಕ್ಕದ್ದು."

ಅದೇ ಆದೇಶದಲ್ಲಿ ದುರುಗಣ್ಣ 'ಬೀರು ಶಾಖ ನಿರ್ವಾಹಕ' ಹುದ್ದೆಯಲ್ಲಿ ಖಾಯಂ ಆದ. ಕ್ವಾರ್ಟರ್ಸ್ ಕಟ್ಟಿರಲಿಲ್ಲವಾದ್ದರಿಂದ, ಯಂತ್ರ ಹೋಗಿ ಖಾಲಿ ಬಿದ್ದ ಶೆಡ್ಡನ್ನೇ ಅವನಿಗೆ ಕೊಡಲಾಯಿತು. ಗಂಗಕ್ಕ ಅದರ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದು ನೋಡಿ, "ಇಷ್ಟೂ ನಮ್ದೇನಾ?" ಎಂದು ಗಟ್ಟಿಯಾಗಿ ಕೇಳಿದಳು. ಕೇಳಿಸಿಕೊಳ್ಳಲು ಆಚೆ ಕಡೆ ಯಾರೂ ಇಲ್ಲವೆಂದು ತಿಳಿದು ಮನಸಾರೆ ಅತ್ತಳು.

ಶೆಡ್ಡಿನಲ್ಲಿ ಒಲೆಯಿರಲಿಲ್ಲ. ಅವಳ ಒಲೆ ಸರ್ಕಾರಿ ಕೆಲಸದಲ್ಲಿತ್ತು. ಆದಕಾರಣ ಅಡುಗೆಯನ್ನು ಅವಳು ಬೀರುವಿನ ಕೆಳಗೇ ಸಾಗಿಸಿದಳು. ವಾರದೊಳಗೆ ಮ್ಯಾನೇಜರರ ಕೋಣೆಯ ಬಾಗಿಲಿಗೆ ಪ್ರಕಟಣೆ ಬಿತ್ತು: "ಸಾಹೇಬರು ಕುರ್ಚಿಯಲ್ಲಿರುವಾಗ ಒಗ್ಗರಣೆ ಹಾಕತಕ್ಕದ್ದಲ್ಲ." ಅದರ ಕೆಳಗೆ ಮರುಳಸಿದ್ದಪ್ಪನವರು, ಗಂಗಕ್ಕನ ಅವರೆಕಾಳು ಸಾರು ಉಂಡ ದಿನ, ಸ್ವಹಸ್ತದಿಂದ ಸೇರಿಸಿದರು: "ಸಾಹೇಬರಿಗೂ ಬಡಿಸುವುದಾದರೆ ಈ ನಿಯಮ ಅನ್ವಯಿಸುವುದಿಲ್ಲ."