ಡೆಲ್ಲಿಗೆ ಹೊರಟ ಹೊಗೆಸೊಪ್ಪಿನ ಮನವಿ

೧. ಟೀ ಅಂಗಡಿ

ಕೊಳತ್ತೂರು ಬಸ್ ನಿಲ್ದಾಣದ ಟೀ ಅಂಗಡಿಯವನ ಮುಂದೆ ಕಾಗದ ಇಟ್ಟೆ.

"ಏನಣ್ಣಾ ಇದು?"

"ಮನವಿ. ದೇಸದೇಸದೋರು ಸೇರಿ ಒಗೆಸೊಪ್ಪಿಗೆ ಕಡಿವಾಣ ಆಕ್ತಾವ್ರೆ. ನಮ್ಮ ಸರ್ಕಾರಾನೂ ಅವರ ಜೊತೆ ಗಟ್ಟಿಯಾಗಿ ನಿಲ್ಲಬೇಕು ಅಂತ."

ಆ ವರ್ಷ ನಾನು ಆಡಿದ ಅತಿ ಉದ್ದದ ಮಾತು ಅದು. ಹೊಗೆಸೊಪ್ಪು ನನ್ನ ಎಡಗೆನ್ನೆಯ ಒಳಗನ್ನು ತಿಂದಿತ್ತು. ಸೇಲಂನ ಡಾಕ್ಟರಮ್ಮ ಕೊಯ್ದು ಉಳಿಸಿದರು. "ಸೋಮವಾರ ಮನವಿಗಳ ಕಟ್ಟು ಡೆಲ್ಲಿಗೆ ಹೋಗುತ್ತೆ. ಹಾಳೆ ತುಂಬದಿದ್ದರೆ ನಿಮ್ಮೂರು ಅದರಲ್ಲಿ ಇರಲ್ಲ" ಎಂದು ಈ ಕೆಲಸ ಹೊರಿಸಿದವರು ಅವರೇ. ಇಲ್ಲ ಎನ್ನಲು ಅವರ ಮುಂದೆ ನನಗೆ ಬಾಯಿಲ್ಲ.

ಅಂಗಡಿಯವನು ಕಣ್ಣೊರೆಸಿಕೊಂಡ. "ನಮ್ಮಪ್ಪನೂ ಇದ್ರಿಂದ್ಲೇ ಓದ, ಅಣ್ಣಾ. ಇಲ್ಲೇ ಮಡಗಿ ಓಗಿ. ಬಂದೋರ ಕೈಲೆಲ್ಲ ಸಹಿ ಆಕಿಸ್ತೀನಿ."

ಸಂಜೆ ಹೋದೆ. ಸಹಿಗಳೇನೋ ಬಿದ್ದಿದ್ದವು. ಜೊತೆಗೆ ಸುಟ್ಟ ತೂತುಗಳು.

"ತಪ್ಪು ತಿಳೀಬೇಡಿ ಅಣ್ಣಾ. ಮರ್ವಾದೆಗೆ ಎಲ್ಲಾರೂ ಬೀಡಿ ಕೆಳಗಿಟ್ಟೇ ಸಹಿ ಆಕಿದ್ರು. ಕಾಗದದ ಮ್ಯಾಲೆ."

೨. ಜೆರಾಕ್ಸ್

ಹೊಸ ಹಾಳೆ ಹಿಡಿದು ನಮ್ಮೂರ ಬೀದಿ ಸುತ್ತಿದೆ. ಮರುದಿನ ಬೆಳಗ್ಗೆ ಜಗಲಿ ಮುಂದೆ ಸಾಲು. ಎಲ್ಲರ ಕೈಯಲ್ಲೂ ರೇಷನ್ ಕಾರ್ಡಿನ ಜೆರಾಕ್ಸ್, ಎರಡು ಫೋಟೋ. ಸರ್ಕಾರದ ಕಾಗದ ಅಂದರೆ ನಮ್ಮಲ್ಲಿ ಯಾರೂ ಬರಿಗೈಲಿ ಬರುವುದಿಲ್ಲ.

"ಏನ್ ಕೊಡ್ತಾರಣ್ಣಯ್ಯಾ?" ಎಂದಳು ಮುಂದೆ ನಿಂತ ಮುದುಕಿ.

"ಏನೂ ಕೊಡಲ್ಲ. ಒಗೆಸೊಪ್ಪು ಬಿಡಿಸ್ತಾರೆ."

ಮುದುಕಿ ಸರಸರ ಮನೆಗೆ ಹೋಗಿ ಹೊಗೆಸೊಪ್ಪಿನ ಗಂಟೊಂದನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ಬೂಸ್ಟು ಇಡ್ದಿರೋದು ಇದು. ಒಳ್ಳೇದು ಒಳಗೈತೆ. ಸರ್ಕಾರಕ್ಕೆ ಇದು ಸಾಕು."

ಹೆಬ್ಬೆಟ್ಟು ಒತ್ತಿಸಿಕೊಂಡೆ.

೩. ಪೂಜಾರಿ

ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಉಳಿದಿತ್ತು. ಉಳಿದವರು ಕಾಡಂಚಿನ ಕುರಿಯವರು ಮಾತ್ರ. ಅವರ ದೇವರು ಮುನಿಯಪ್ಪನ ಪೂಜಾರಿ ಸಹಿ ಹಾಕದೆ ಅವರು ಹಾಕುವವರಲ್ಲ. ಭಾನುವಾರ ಪೂಜಾರಿಯ ಹತ್ತಿರ ಹೋದೆ. ನನಗಿಂತ ಹಿರಿಯ. ಓದಿಸಿ ಕೇಳಿದ.

"ಸುರುಟ್ಟು ಇದ್ರಾಗೆ ಬತ್ತದಾ?"

"ಬತ್ತದೆ."

"ಅಂಗಾದ್ರೆ ಆಗಲ್ಲ, ಓಗಲಾ."

ಹರಕೆ ತೀರಿದವರು ಮುನಿಯಪ್ಪನಿಗೆ ಹೊಗೆಸೊಪ್ಪು ಸುತ್ತಿದ ದಪ್ಪ ಸುರುಟ್ಟು ಹಚ್ಚಿ ಬಾಯಿಗೆ ಇಡಬೇಕು. ಅದು ಅಲ್ಲಿಯ ಪದ್ಧತಿ.

"ನಾನು ಬೇಕಾದ್ರೆ ನಾಳೇನೇ ಬಿಡ್ತೀನಿ," ಎಂದ. "ಸಾಮಿಗೆ ಬಿಡು ಅಂತ ಯೋಳೋನು ಯಾರು? ನೀನಾ?"

"ಸಾಮಿಗೆ ಕ್ಯಾನ್ಸರ್ ಬರಲ್ಲ."

"ಆಂ! ಅದ್ನೇ ಬರಿ."

ಬರೆದೆ. ಪೂಜಾರಿ ಸಹಿ ಹಾಕಿದ. ಹಿಂದೆಯೇ ಕುರಿಯವರೆಲ್ಲ ಹಾಕಿದರು. ಹಾಳೆ ತುಂಬಿತು.

ಸೋಮವಾರ ಸೇಲಂನಲ್ಲಿ ಡಾಕ್ಟರಮ್ಮ ಕೊನೆಯ ಸಾಲು ಗಟ್ಟಿಯಾಗಿ ಓದಿದರು: "ಈ ಕಟ್ಟುಪಾಡು ಮುನಿಯಪ್ಪ ಸ್ವಾಮಿಗೆ ಅನ್ವಯಿಸುವುದಿಲ್ಲ. ಅವರಿಗೆ ಕ್ಯಾನ್ಸರ್ ಬರುವುದಿಲ್ಲ."

ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

"ಇದನ್ನ ಹೊಡೆದು ಹಾಕಲಾ?"

ತನ್ನೂರ ಹಾಳೆ ತಂದು ಪಕ್ಕದಲ್ಲಿ ನಿಂತಿದ್ದ ನಲ್ಲಂಪಳ್ಳಿಯ ನರ್ಸಮ್ಮ ಗಾಬರಿಯಾದಳು. "ಬೇಡ ಮೇಡಂ! ನಮ್ಮೂರಲ್ಲೂ ಒಬ್ಬ ಮುನಿಯಪ್ಪ ಅವ್ನೆ!"

ಡಾಕ್ಟರಮ್ಮ ಪೆನ್ನು ತೆಗೆದು, 'ಮುನಿಯಪ್ಪ ಸ್ವಾಮಿಗೆ' ಎಂಬುದನ್ನು 'ಎಲ್ಲಾ ಊರಿನ ಮುನಿಯಪ್ಪ ಸ್ವಾಮಿಗಳಿಗೆ' ಎಂದು ತಿದ್ದಿ ಕಟ್ಟಿಗೆ ಸೇರಿಸಿದರು. ಡೆಲ್ಲಿಗೆ ಹಾಗೇ ಹೋಯಿತು.