ಬಿಸಿಲಿಗೆ ಕೆಡುವ ಲೈನ್

ಫೋನ್ ತಂತಿ ಇದ್ದಲ್ಲಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾನು ಬ್ರಹ್ಮಾವರದಿಂದ ಬೈಂದೂರಿನವರೆಗೆ ಕಂಬ ನೋಡುತ್ತಾ ಸೈಕಲ್ ತುಳಿದ ಲೈನ್‌ಮನ್. ಓದಿದ್ದು ಕಮ್ಮಿ. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಮಾತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದೆಲ್ಲ ಅರವತ್ತರ ದಶಕದ್ದು, ಒಂದು ವರ್ಷ ಮಳೆಗಾಲ ಮುಗಿಯುತ್ತಾ ಬಂದಾಗ ಆದದ್ದು.

ಮಿಲ್ಲಿನವರ ಸಂಬಂಧ

ಎರಡು ಲೈನಿನ ತಂತಿ ಒಂದಕ್ಕೊಂದು ತಾಗಿದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಜೊತೆಗೆ ಕರಕರ ಸದ್ದು. ಆ ವರ್ಷ ಅದು ಶುರುವಾಯಿತು. ಬೆಳಿಗ್ಗೆ ಬಿಸಿಲೇರಿದಾಗ ಬರುವುದು, ಮಧ್ಯಾಹ್ನಕ್ಕೆ ತಾನೇ ಹೋಗುವುದು.

ಬ್ರಹ್ಮಾವರದ ಅಕ್ಕಿ ಮಿಲ್ಲಿನ ಧಣಿ ನನ್ನ ಸೈಕಲ್ ನಿಲ್ಲಿಸಿದರು.

"ಹ್ವಾಯ್, ಅಕ್ಕಿ ರೇಟ್ ಕೇಂಬುಕೆ ಬೈಂದೂರಿಗೆ ಫೋನ್ ಹಿಡ್ದ್ರೆ ಯಾರದ್ದೋ ಮದಿ ಮಾತ್ ಕೇಣ್ತ್."

"ಸರಿ ಮಾಡ್ತೆ ಧಣಿ."

"ಸರಿ ಮಾಡುದ್ ಬಿಡ್. ಗಂಡು ಒಳ್ಳೇವ, ಕೊಡ್ಲಕ್ಕ್ ಅಂದೇಳಿ ನಾನೂ ಮಧ್ಯ ಬಾಯಿ ಹಾಕ್ದೆ. ಅಷ್ಟೊತ್ತಿಗೆ ಲೈನ್ ಚೊಕ್ಕ ಆಯ್ತ್. ಹೆಣ್ಣಿನ್ ಕಡಿಯವ್ರ್ ಒಪ್ಪಿದ್ರೋ ಇಲ್ಯೋ, ಅದ್ ಹೇಳ್."

ಹಲ್ಲಿ

ಕುಂದಾಪುರದ ಎಕ್ಸ್‌ಚೇಂಜಿನ ಆಪರೇಟರಿಗೂ ನನಗೂ ದಿನಾ ಜಗಳ. ಅವನು ತಂತಿ ನೋಡು ಎನ್ನುವುದು, ನಾನು ನಿನ್ನ ಬೋರ್ಡ್ ನೋಡು ಎನ್ನುವುದು. ಕೊನೆಗೆ ಬೋರ್ಡ್ ಬಿಚ್ಚಿದ. ಒಳಗೆ ಒಂದು ಹಲ್ಲಿ ಒಣಗಿ ಅಂಟಿತ್ತು.

"ಕಂಡ್ಯಾ?" ಎಂದೆ.

ತೆಗೆದು ಒರೆಸಿ ಮುಚ್ಚಿದ. ಮರುದಿನ ಬಿಸಿಲೇರಿತು, ಕರಕರ ಮತ್ತೆ ಬಂತು. ಅವನ ಮುಖ ನೋಡಬೇಕಿತ್ತು.

"ಈಗ ಗೊತ್ತಾಯ್ತಾ?" ಎಂದ. "ಹಲ್ಲಿನೂ ನಿನ್ ತಂತಿ ಮೇಲೇ ನಡ್ಕಂಡ್ ಬಂದದ್ದ್."

ಮೀನಿಲ್ಲದ ಊರು

ಘಟ್ಟದ ಮೇಲಿನಿಂದ ಬಂದ ಫೋನ್ ಇನ್‌ಸ್ಪೆಕ್ಟರ್ ಸಾಹೇಬರು ಕರೆಸಿ ಹೇಳಿದರು. "ದೋಷ ಹುಡುಕು. ಇಲ್ಲದಿದ್ದರೆ ಬಯಲುಸೀಮೆಗೆ ವರ್ಗ ಮಾಡ್ತೇನೆ."

ಲೋಕದ ಲೈನೆಲ್ಲ ಮಳೆಗೆ ಕೆಡುತ್ತದೆ. ಇದು ಮಳೆ ಬಂದ ದಿನ ಚೊಕ್ಕ, ಬಿಸಿಲಿದ್ದ ದಿನ ಹಾಳು. ಕಂಬ ಕಂಬ ಹತ್ತಿದೆ. ತಾಗಿದ ತೆಂಗಿನ ಗರಿ ಕಡಿದೆ. ಏನೂ ಇಲ್ಲ.

ತ್ರಾಸಿಯಲ್ಲಿ ನಮ್ಮ ಮನೆ. ವರ್ಗದ ಸುದ್ದಿ ಹೆಂಡತಿಗೆ ಹೇಳಿದೆ. ಅವಳು ಬಂಗುಡೆ ಹೆಚ್ಚುತ್ತಿದ್ದಳು.

"ಅಲ್ಲಿ ಮೀನ್ ಸಿಕ್ಕತ್ತಾ?"

"ಇಲ್ಲ."

"ಹಂಗಾರೆ ನೀವೊಬ್ರೇ ಹೋಯ್ನಿ. ನಾ ಬಪ್ಪುದಿಲ್ಲ."

ಕಡೆಗೆ ಬಿಟ್ಟುಹೋದದ್ದು ಅವಳೇ. ಅಲ್ಲಿ ಮೀನು ಸಿಗುತ್ತದೋ ಏನೋ. ವಿಚಾರಿಸದೆ ಹೋಗುವವಳಲ್ಲ.

ಸಾಹೇಬರ ಪ್ಯಾಂಟ್

ಸಾಹೇಬರು ತಾವೇ ನೋಡುತ್ತೇನೆಂದು ಒಂದು ಬೆಳಿಗ್ಗೆ ಬಸ್ಸಿನಲ್ಲಿ ತ್ರಾಸಿಗೆ ಬಂದರು. ಬಸ್ಸಿನ ಮೇಲೆ ಮೀನಿನ ಬುಟ್ಟಿ. ಸಾಹೇಬರು ಕೂತದ್ದು ಕಿಟಕಿಯ ಪಕ್ಕ. ಪ್ಯಾಂಟಿನ ಮೇಲೆಲ್ಲ ಮೀನಿನ ನೀರು.

ಹೆಂಡತಿ ಒಳಗಿನಿಂದಲೇ ಹೇಳಿದಳು. "ಅವ್ರಿಗೆ ನಿಮ್ ಪಂಚೆ ಕೊಡಿ. ಆ ಪ್ಯಾಂಟ್ ಒಗ್ದ್ ಹಾಕ್ತೆ. ನಾತ ತಡೂಕಾತಿಲ್ಲೆ."

ಸಾಹೇಬರು ನನ್ನ ಪಂಚೆ ಉಟ್ಟು ಹಿತ್ತಿಲಿಗೆ ಬಂದರು. ಅಲ್ಲೊಂದು ಫೋನ್ ಕಂಬ. ಬುಡದಲ್ಲಿ ಬರೀ ಹೊಯಿಗೆ, ಸಡಿಲ ಮರಳು. ಕಂಬದಿಂದ ತೆಂಗಿನ ಮರಕ್ಕೆ ನನ್ನ ಹೆಂಡತಿ ಬಟ್ಟೆಯ ಹಗ್ಗ ಕಟ್ಟಿದ್ದಳು. ನಾನು ಬೆಳಿಗ್ಗೆ ಹೊರಡುವಾಗಲೂ ಮಧ್ಯಾಹ್ನ ಊಟಕ್ಕೆ ಬರುವಾಗಲೂ ಅದರ ಮೇಲೆ ಏನೂ ಇರುತ್ತಿರಲಿಲ್ಲ.

ನಾನು ತಂತಿಗೆ ಪರೀಕ್ಷೆಯ ಫೋನ್ ಸಿಕ್ಕಿಸಿ ಕೊಟ್ಟೆ. ಕುಂದಾಪುರದ ಆಪರೇಟರ್ ಸ್ಪಷ್ಟವಾಗಿ ಮಾತಾಡಿದ.

"ಸರಿ ಇದೆಯಲ್ಲಯ್ಯಾ," ಎಂದರು ಸಾಹೇಬರು.

ಅಷ್ಟರಲ್ಲಿ ಅವಳು ಬಂದು ನೆನೆದ ಕಂಬಳಿ ಹಾಕಿದಳು. ಅದರ ಪಕ್ಕ ಪ್ಯಾಂಟ್ ಹಾಕಿದಳು. ಕಂಬ ಮೆಲ್ಲ ವಾಲಿತು. ಮೇಲೆ ತಂತಿಗೆ ತಂತಿ ತಾಗಿತು. ಕರಕರ. ಫೋನಿನಲ್ಲಿ ಬ್ರಹ್ಮಾವರದ ಧಣಿಯ ದನಿ.

ಸಾಹೇಬರು ಮೇಲೆ ನೋಡಿದರು. ಪ್ಯಾಂಟ್ ಎತ್ತಿದರು, ಚೊಕ್ಕ. ಬಿಟ್ಟರು, ಕರಕರ. ಮತ್ತೆ ಎತ್ತಿದರು.

"ಕಂಬಕ್ಕೆ ಯಾಕಮ್ಮಾ ಹಗ್ಗ ಕಟ್ಟಿದ್ದು?"

"ಅದೂ ಸುಮ್ನೇ ನಿಂತಿತ್ತಲೆ," ಎಂದಳು.

ನಾನು ಹಗ್ಗದ ಗಂಟಿಗೆ ಕೈ ಹಾಕಿದೆ. "ಹಗ್ಗ ಬಿಚ್ಚಲಾ ಸಾರ್?" ಎಂದೆ.

ಸಾಹೇಬರು ತಾವು ಉಟ್ಟ ಪಂಚೆ ನೋಡಿದರು. ನೀರು ತೊಟ್ಟಿಕ್ಕುವ ಪ್ಯಾಂಟ್ ನೋಡಿದರು. ಬಸ್ ಬರುವ ದಾರಿ ನೋಡಿದರು.

"ಬೇಡ. ಒಣಗಲಿ," ಎಂದು ಫೋನ್ ನನ್ನ ಕೈಗೆ ಕೊಟ್ಟರು. "ಲೈನ್ ಮಧ್ಯಾಹ್ನ ಸರಿಯಾಗ್ತದೆ ಅಂತ ಕುಂದಾಪುರಕ್ಕೆ ಹೇಳು. ಕಾರಣ ಹೇಳಬೇಡ."

ಬಯಲುಸೀಮೆಯ ಮಾತು ಆ ಪ್ಯಾಂಟಿನ ಜೊತೆಗೇ ಒಣಗಿಹೋಯಿತು.